ಮೂರು ಪಟ್ಟೆಯ ಮಾಫಿ

ಮನೆಗೆ ಇಲಿ ಬಂದರೆ ಬೋನು ಇಡುತ್ತೇವೆ. ಅಳಿಲು ಬಂದರೆ ಮೀಟಿಂಗ್ ಮಾಡುತ್ತೇವೆ. ಎರಡೂ ಒಂದೇ ಗುಂಪಿನ ಪ್ರಾಣಿಗಳು. ಎರಡಕ್ಕೂ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಎರಡೂ ಏನನ್ನಾದರೂ ಕಡಿಯುತ್ತಲೇ ಇರಬೇಕು. ವೈರು ಯಾರು ಕಡಿದರೂ ಕರೆಂಟು ಹೋಗುವುದು ಒಂದೇ ಥರ. ಆದರೆ ಇಲಿಯ ಬಾಲ ಬೋಳು, ಅಳಿಲಿನದು ಕುಚ್ಚು. ಜೊತೆಗೆ ಬೆನ್ನ ಮೇಲೆ ಮೂರು ಪಟ್ಟೆ. ಸೇತುವೆ ಕಟ್ಟುವಾಗ ಮರಳು ತಂದು ಉದುರಿಸಿದ್ದಕ್ಕೆ ರಾಮ ಬೆರಳಾಡಿಸಿದ ಗುರುತು ಅದು ಅಂತ ನಮ್ಮಲ್ಲಿ ಸಣ್ಣ ಮಗುವಿಗೂ ಗೊತ್ತು. ಅಷ್ಟು ದೊಡ್ಡವರ ಶಿಫಾರಸು ಪತ್ರವನ್ನು ಬೆನ್ನ ಮೇಲೇ ಹೊತ್ತು ಬಂದವರನ್ನು ಆಚೆ ಹಾಕುವುದು ಸುಲಭವಾ?

ನಮ್ಮದು ತಿಪಟೂರು ಕಡೆಯ ಹಳೇ ಹೆಂಚಿನ ಮನೆ. ಈ ಸೀಮೆಯಲ್ಲಿ ಅಟ್ಟ ಅಂದರೆ ಮುರಿದ ತೊಟ್ಟಿಲು, ಹಳೇ ಪಾತ್ರೆ ಎಸೆಯುವ ಜಾಗ ಅಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು, ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅದೇ ಉಂಡೆ ಕೊಬ್ಬರಿ. ತಿಪಟೂರು ಮಾರುಕಟ್ಟೆ ಹೆಸರಾಗಿರುವುದೇ ಅದರಿಂದ. ಇದಕ್ಕೆ ಗಾಳಿ ಆಡಬೇಕು, ಮಳೆ ಬೀಳಬಾರದು, ಬೆಚ್ಚಗಿರಬೇಕು, ಯಾರೂ ಪದೇ ಪದೇ ಹತ್ತಿ ಕೆದಕಬಾರದು. ಬಾಣಂತನಕ್ಕೆ ಜಾಗ ಹುಡುಕುವ ಅಳಿಲು ಕೇಳುವುದೂ ಇಷ್ಟೇ. ಗೂಡಿಗೆ ಬೇಕಾದ ನಾರು ಕಾಯಿಯ ಮೈಮೇಲೇ ಇದೆ, ಎಳೆದುಕೊಂಡರಾಯಿತು.

ಸದ್ದು ಶುರುವಾದಾಗ ಅಮ್ಮ ಮೊದಲು ಕೇಳಿದ್ದು, "ಹಗಲೋ, ರಾತ್ರಿಯೋ?" ಅಂತ. ಬುದ್ಧಿವಂತ ಪ್ರಶ್ನೆ. ಅಳಿಲು ಕತ್ತಲಾದರೆ ಮಲಗುತ್ತದೆ. ಮಧ್ಯರಾತ್ರಿ ಪರಪರ ಅಂದರೆ ಇಲಿ, ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ತಲೆ ಮೇಲೆ ಓಟದ ಸ್ಪರ್ಧೆ ನಡೆದರೆ ಅಳಿಲು. ನಮ್ಮದು ಉಪ್ಪಿಟ್ಟಿನ ಹೊತ್ತಿನ ಸದ್ದು. ಅಲ್ಲಿಗೆ ಬೋನಿನ ಮಾತು ಮುಗಿಯಿತು.

ಬಂದ ದಾರಿಯೂ ಗೊತ್ತಾಯಿತು. ನಮ್ಮ ಸೂರಿನದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅದು ಊರೂರಿಗೆ ಬಂತು. ಒಂದಕ್ಕೊಂದು ಚೆನ್ನಾಗಿ ಕಚ್ಚಿಕೊಳ್ಳುವ ಹೆಂಚು. ಆದರೆ ಸೂರಿನ ಅಂಚಿನಲ್ಲಿ ಹೆಂಚಿನ ಉಬ್ಬಿಗೂ ರೀಪಿಗೂ ನಡುವೆ ಸಂದಿ ಉಳಿದುಬಿಡುತ್ತದೆ. ನೂರು ಗ್ರಾಂ ಆಸುಪಾಸಿನ ಪ್ರಾಣಿಗೆ ಅದು ರಾಜಬೀದಿ. ಅಲ್ಲಿಗೆ ತಲುಪಿಸಲು ಹಿತ್ತಲ ನುಗ್ಗೆಮರದ ಕೊಂಬೆ ಇದ್ದೇ ಇತ್ತು.

ನ್ಯೂಜೆರ್ಸಿಯಲ್ಲಿರುವ ತಮ್ಮನಿಗೆ ವಿಡಿಯೊ ಕಾಲಿನಲ್ಲಿ ವಿಷಯ ಹೇಳಿದರೆ ಅವನು ಖುಷಿಯಾಗಿಬಿಟ್ಟ. ಅವನ ಮರದ ಮನೆಯಲ್ಲೂ ಇದೇ ಕಥೆಯಂತೆ. ಆದರೆ ಅಲ್ಲಿಯದು ಅರ್ಧ ಕೆಜಿ ತೂಗುವ ಬೂದು ಅಳಿಲು, ಅದನ್ನು ಓಡಿಸುವುದಕ್ಕೇ ಕಂಪನಿಗಳಿವೆ. ಅವರು ಬಂದು ಬೇರೆ ಸಂದಿಗಳನ್ನೆಲ್ಲ ಮುಚ್ಚಿ, ಅದು ಓಡಾಡುವ ತೂತಿಗೆ ಹೊರಗಡೆಗೆ ಮಾತ್ರ ತೆರೆಯುವ ಪುಟ್ಟ ಬಾಗಿಲು ಕೂರಿಸುತ್ತಾರೆ. ಊಟಕ್ಕೆ ಆಚೆ ಹೋದದ್ದು ವಾಪಸ್ ಬರುವ ಹಾಗಿಲ್ಲ. ಮರಿ ಇಲ್ಲ ಅಂತ ಖಾತ್ರಿ ಆದ ಮೇಲೇ ಈ ಬಾಗಿಲು. ಇಲ್ಲದಿದ್ದರೆ ಒಳಗೆ ಮರಿ ಸಾಯುತ್ತವೆ, ಹೊರಗೆ ತಾಯಿ ಸೂರನ್ನೇ ಕಿತ್ತು ಹಾಕುತ್ತದೆ.

ಅಮ್ಮ ಎಲ್ಲ ಕೇಳಿಸಿಕೊಂಡು, "ನಿಮ್ಮಲ್ಲಿನ ಅಳಿಲಿಗೆ ಪಟ್ಟೆ ಇದೆಯೇನೋ?" ಅಂದರು.

"ಇಲ್ಲಮ್ಮ, ಬರೀ ಬೂದಿ ಬಣ್ಣ."

"ಹಂಗಾದ್ರೆ ಬಾಗಿಲು ಹಾಕ್ಸು."

ಪಟ್ಟೆಯ ಲೆಕ್ಕಾಚಾರ ಎಲ್ಲ ಕಡೆ ನಡೆಯುವುದಿಲ್ಲ ಬಿಡಿ. ನಮ್ಮ ಉತ್ತರದ ಕಡೆಯ ಅಳಿಲಿಗೆ ಐದು ಪಟ್ಟೆ. 1898ರಲ್ಲಿ ಆಸ್ಟ್ರೇಲಿಯಾದ ಪರ್ತ್ ಮೃಗಾಲಯದಿಂದ ಹೊರಬಿದ್ದ ಐದು ಪಟ್ಟೆಯವು ಆ ಊರಲ್ಲೇ ಸಂಸಾರ ಹೂಡಿದವು. ಎರಡು ಪಟ್ಟೆ ಜಾಸ್ತಿ ಇದ್ದರೂ ಅಲ್ಲಿ ಅವಕ್ಕೆ ಪೀಡೆ ಅಂತಲೇ ಹೆಸರು.

ನಮ್ಮ ಮನೆಯಲ್ಲಿ ಮೊದಲು ಪುಕ್ಕಟೆ ಉಪಾಯಗಳು ನಡೆದವು. ಸಂದಿಗೆ ಹಳೇ ಬಟ್ಟೆ ತುರುಕಿದೆವು. ಅಳಿಲು ಅದನ್ನು ಒಳಗೆಳೆದುಕೊಂಡು ಗೂಡಿಗೆ ಹಾಸಿಕೊಂಡಿತು. ನುಸಿಗುಳಿಗೆ ಇಟ್ಟೆವು. ವಾಸನೆಗೆ ಕೆಳಗಿದ್ದ ನಾವು ಜಗುಲಿಗೆ ಬಂದು ಕೂತೆವು, ಮೇಲಿದ್ದವರು ಕದಲಲಿಲ್ಲ. ಪಕ್ಕದ ಬೀದಿಯವರೊಬ್ಬರು ಥರ್ಮಾಕೋಲ್ ಅಂದರು. ಆ ಹಲ್ಲಿಗೆ ಥರ್ಮಾಕೋಲ್ ಯಾವ ಲೆಕ್ಕ?

ಏಣಿ ಹಾಕಿ ನೋಡಿದಾಗ ಗೂಡಿನಲ್ಲಿ ಮರಿಗಳಿದ್ದವು. ಬೋಳು ಮೈ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಮ್ಮ ಏಣಿ ತೆಗೆಸಿಬಿಟ್ಟರು. ತಾಯಿಯ ಹಾಲು ಬಿಟ್ಟು ತಾವೇ ಓಡಾಡಲು ಅವಕ್ಕೆ ಎರಡು ತಿಂಗಳಾದರೂ ಬೇಕು. ಗಂಡು ಅಳಿಲು ಈ ಕೆಲಸಕ್ಕೆ ಕೈ ಹಾಕುವುದಿಲ್ಲ, ಎಲ್ಲ ಹೆಣ್ಣಿನದೇ. ಇದು ಗೊತ್ತಾದ ಮೇಲಂತೂ ಅಮ್ಮ ಸಂಪೂರ್ಣ ಆ ಪಕ್ಷ ಸೇರಿದರು. ದಿನಾ ಬೈಯುತ್ತಿದ್ದರು, ಹಾಗೇ ಹಿತ್ತಲ ಕಟ್ಟೆಯ ಮೇಲೆ ಒಂದು ಹಿಡಿ ಅನ್ನವನ್ನೂ ಇಡುತ್ತಿದ್ದರು. ಕಾಯಿ ಹಾಳಾಗುತ್ತದೆ ಅಂತ ಅಪ್ಪ ಗೊಣಗಿದರೆ, "ನಾರು ತಾನೇ ತಗೊಂಡಿದ್ದು? ಕೊಬ್ಬರಿಗೆ ಕೈ ಹಾಕಿಲ್ಲವಲ್ಲ" ಅನ್ನುವ ವಕಾಲತ್ತು ಬೇರೆ.

ಮರಿಗಳು ಸೂರಿನ ಮೇಲೆ ಓಡಾಡಲು ಶುರು ಮಾಡಿದ ಮೇಲೆ ಬಡಗಿಯನ್ನು ಕರೆಸಿದೆವು. ಅವನು ಸಿಮೆಂಟು ಮೆತ್ತಿಬಿಡೋಣ ಅಂದ. ಮೆತ್ತಿದರೆ ಅಟ್ಟಕ್ಕೆ ಗಾಳಿ ನಿಂತು ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಕೊನೆಗೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ತಂದು, ಮೊದಲು ಎಲ್ಲರೂ ಆಚೆ ಹೋಗಿದ್ದಾರೆ ಅಂತ ಖಾತ್ರಿ ಮಾಡಿಕೊಂಡು, ಸೂರಿನುದ್ದಕ್ಕೂ ರೀಪಿಗೆ ಬಡಿದದ್ದಾಯಿತು. ಗೂಡನ್ನೂ ತೆಗೆದೆವು. ಹಳೇ ಗೂಡಿದ್ದರೆ ಅದೇ ನೆಪಕ್ಕೆ ಮತ್ತೆ ಬರುತ್ತವಂತೆ. ನುಗ್ಗೆಯ ಕೊಂಬೆ ಕಡಿದೆವು. ಅದರ ಜೊತೆ ಅರ್ಧ ವರ್ಷದ ಸಾರೂ ಹೋಯಿತು ಅಂತ ಅಪ್ಪನಿಗೆ ಇವತ್ತಿಗೂ ಬೇಜಾರು. ಕೇಬಲ್ ವೈರಿನ ಮೇಲೆ ನಡೆದು ಬಂದು ಜಾಲರಿಗೆ ಮೂಗು ಒತ್ತಿ ಚಿಕ್‌ಚಿಕ್ ಅಂತ ಬೈಯುವುದು ಸ್ವಲ್ಪ ದಿನ ನಡೆಯಿತು. ಆಮೇಲೆ ನಿಂತಿತು.

ನಿಂತದ್ದು ಯಾಕೆ ಅಂತ ಪಕ್ಕದ ಮನೆಯಾಕೆ ಬಂದಾಗ ತಿಳಿಯಿತು. "ಅಕ್ಕಾ, ನಮ್ಮಟ್ಟದಲ್ಲಿ ಬೆಳಗ್ಗೆ ಬೆಳಗ್ಗೆ ಏನೋ ಸದ್ದು" ಅಂದರು. ಅಮ್ಮ ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಕಾಫಿ ಕೊಟ್ಟರು. ಮರಿ ದೊಡ್ಡದಾಗುವವರೆಗೂ ತಡಕೊಳ್ಳಬೇಕು, ಪಾಪದ ಪ್ರಾಣಿ, ರಾಮನ ಕೈ ತಾಗಿದ್ದು ಅಂತೆಲ್ಲ ವಿವರವಾಗಿ ಹೇಳಿದರು. ಹೊರಡುವಾಗ ಉಳಿದ ಜಾಲರಿಯ ಸುರುಳಿಯನ್ನೂ ಅವರ ಕೈಗೆ ಕೊಟ್ಟರು.