ಶನಿವಾರ ಗಾಣ ನಿಲ್ಲಿಸಿದವರು

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ನಾವೆಲ್ಲ ಆಜಿ ಅಂತಲೇ ಕರೆಯುವುದು. ಬೆನೆ ಇಸ್ರೇಲಿಗಳು, ಅಂದರೆ ಕೊಂಕಣ ಕರಾವಳಿಯ ಯಹೂದಿಗಳು. ಮಾತು ಅಪ್ಪಟ ಮರಾಠಿ. ಬಾಗಿಲ ಚೌಕಟ್ಟಿಗೆ ಬಲಗಡೆ ಒಂದು ಸಣ್ಣ ಕೊಳವೆ ಓರೆಯಾಗಿ ಹೊಡೆದಿದ್ದಾರೆ, ಅದರೊಳಗೆ ಅವರ ಧರ್ಮಗ್ರಂಥ ತೋರಾದ ಸಾಲು ಬರೆದ ಸುರುಳಿ. ಅದಕ್ಕೆ ಮೆಜುಜಾ ಅನ್ನುತ್ತಾರೆ. ಎರಡೂ ಕೈಯಲ್ಲಿ ತರಕಾರಿ ಚೀಲ ಇದ್ದರೂ ಒಂದನ್ನು ಕೆಳಗಿಟ್ಟು, ಬೆರಳು ಅದಕ್ಕೆ ತಾಗಿಸಿ, ತುಟಿಗೆ ಒತ್ತಿಕೊಂಡೇ ಆಜಿ ಒಳಗೆ ಹೋಗುವುದು.

ಮೊಮ್ಮಗನಿಗೆ ಕೆಲಸ ಸಿಕ್ಕಾಗ ಮಲೀದಾ ಮಾಡಿ ನಮ್ಮನ್ನೂ ಕರೆದಿದ್ದರು. ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಮೇಲೆ ಸುತ್ತ ಹಣ್ಣು. ನೋಡಿದರೆ ನಮ್ಮ ಕುಂದಾಪುರದ ಕಡೆಯ ಸಿಹಿ ಅವಲಕ್ಕಿಯೇ. ಆದರೆ ಅದನ್ನು ಅರ್ಪಿಸುವುದು ಎಲಿಯಾಹು ಪ್ರವಾದಿಗೆ. ಬೈಬಲ್ಲಿನಲ್ಲಿ ಬರಗಾಲದಲ್ಲಿ ಕಾಗೆಗಳು ರೊಟ್ಟಿ ತಂದುಕೊಟ್ಟ, ಬೆಂಕಿಯ ರಥ ಬಂದಾಗ ಸುಂಟರಗಾಳಿಯಲ್ಲಿ ಆಕಾಶಕ್ಕೆ ಹೋದ ಆ ಪ್ರವಾದಿ. ಆ ರಥ ನಮ್ಮ ಆಲಿಬಾಗ್ ಹತ್ತಿರದ ಬಂಡೆಯ ಮೇಲೂ ಇಳಿದಿತ್ತು, ಗುರುತು ಇನ್ನೂ ಇದೆ ಅಂತ ಇವರು ನಂಬುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಪ್ರವಾದಿಯನ್ನು ಕೊಂಕಣದ ಬಂಡೆಗೆ ಇಳಿಸಿ ಅವಲಕ್ಕಿ ಕೊಟ್ಟಿದ್ದಾರೆ ಅಂದರೆ ಅದು ಎಂಥಾ ಪ್ರೀತಿ!

ಅವತ್ತಿನಿಂದ ಇವರ ಬಗ್ಗೆ ಜಾಸ್ತಿ ಓದತೊಡಗಿದೆ. ಹಡಗು ಒಡೆದು ಕೊಂಕಣದ ತೀರ ಸೇರಿದವರು ಅನ್ನುವುದು ಅವರ ಹೇಳಿಕೆ. ಪುಸ್ತಕ ಹೋಯಿತು, ಹೀಬ್ರೂ ಹೋಯಿತು. ಉಳಿದದ್ದು ಶೆಮಾ ಅನ್ನುವ ಒಂದು ಪ್ರಾರ್ಥನೆ, ಗಂಡುಮಕ್ಕಳಿಗೆ ಸುನ್ನತಿ, ಊಟದ ಕೆಲವು ಕಟ್ಟುಪಾಡು ಮತ್ತು ಶನಿವಾರದ ರಜೆ, ಇಷ್ಟೇ. ಗಾಣದ ಕಸುಬು ಮಾಡುತ್ತಿದ್ದರು, ಶನಿವಾರ ಗಾಣ ತಿರುಗುತ್ತಿರಲಿಲ್ಲ, ಅದಕ್ಕೇ ಊರವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ದಾವೀದ್ ರಹಾಬಿ ಅನ್ನುವ ಯಹೂದಿಯೊಬ್ಬರು ಬಂದು ಇವರು ನಿಜವಾಗಿ ಯಹೂದಿಗಳೇ ಅಂತ ನೋಡಲು ಹೆಂಗಸರ ಕೈಗೆ ಮೀನಿನ ರಾಶಿ ಕೊಟ್ಟರಂತೆ. ಅವರು ಯಹೂದಿಗಳು ತಿನ್ನಬಾರದ, ಈಜುರೆಕ್ಕೆ, ಹುರುಪೆ ಇಲ್ಲದ ಮೀನನ್ನೆಲ್ಲ ಬೇರೆ ತೆಗೆದಿಟ್ಟರು. ಗ್ರಂಥ ಮರೆತಿತ್ತು, ಕೈ ಮರೆತಿರಲಿಲ್ಲ. ನನಗೆ ಈ ಕಥೆ ಓದಿದಾಗ ಮೈ ಜುಮ್ಮೆಂದಿತು.

ನಮ್ಮದು ನೋಡಿ. ಮುಂಬೈ ಕನ್ನಡಿಗರಿಗೆ ಸಂಘ ಇದೆ, ಸಭಾಂಗಣ ಇದೆ, ಯಕ್ಷಗಾನ ಬರುತ್ತದೆ, ನವೆಂಬರಿನಲ್ಲಿ ರಾಜ್ಯೋತ್ಸವ ಜೋರಾಗಿಯೇ ಆಗುತ್ತದೆ. ಹೋಟೆಲಿನಲ್ಲಿ ದುಡಿಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ತಲೆಮಾರೇ ಇಲ್ಲಿತ್ತು, ಅವರಿಗೆ ಕೈ ಮುಗಿಯಬೇಕು. ಆದರೆ ಕಾರ್ಯಕ್ರಮ ಮುಗಿಸಿ ಕಾರು ಹತ್ತಿದ ತಕ್ಷಣ ಮಕ್ಕಳ ಜೊತೆ ಇಂಗ್ಲಿಷೋ ಹಿಂದಿಯೋ ಶುರು. ವರ್ಷಕ್ಕೆ ನಾಲ್ಕು ದಿನ ಸಂಘದಲ್ಲಿ ಕನ್ನಡ, ಮಿಕ್ಕ ದಿನ ಮನೆಯಲ್ಲಿ ಇಲ್ಲ. ಬೆನೆ ಇಸ್ರೇಲಿಗಳದು ಇದಕ್ಕೆ ಪೂರ್ತಿ ತಿರುವುಮುರುವು. ಎಷ್ಟೋ ಕಾಲ ಅವರಿಗೆ ಒಂದು ಗುಡಿಯೂ ಇರಲಿಲ್ಲ, ಎಲ್ಲವೂ ಮನೆಯೊಳಗೇ, ವಾರವಾರ.

ಮುಂಬೈಯಲ್ಲಿ ಅವರ ಮೊದಲ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟಿದ್ದು 1796ರಲ್ಲಿ, ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್. ಮರಾಠಿ ಬಾಯಲ್ಲಿ ಸಮಾಜಿ ಹಸಾಜಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಇವರು ಟಿಪ್ಪುವಿನ ಸೆರೆಗೆ ಸಿಕ್ಕಿದ್ದರು, ಜೀವ ಉಳಿದರೆ ಪ್ರಾರ್ಥನಾ ಮಂದಿರ ಕಟ್ಟುತ್ತೇನೆ ಅಂತ ಹರಕೆ ಹೊತ್ತಿದ್ದರು, ಟಿಪ್ಪುವಿನ ತಾಯಿ ಮಧ್ಯೆ ಬಂದು ಬಿಡಿಸಿದರು ಅಂತ ಆಜಿಯೂ ಹೇಳುತ್ತಾರೆ. ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದೇ ಈ ಸಿನಗಾಗಿನಿಂದ ಅನ್ನುವ ಮಾತಿದೆ. ಇನ್ನೊಬ್ಬರು ಡಾಕ್ಟರ್ ಜೆರುಶಾ ಝಿರಾದ್. ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ! ಕಾಮಾ ಆಸ್ಪತ್ರೆಯ ಮೇಲ್ವಿಚಾರಣೆ ಹೊತ್ತು ಮುಂಬೈಯ ಎಷ್ಟು ಸಾವಿರ ಹೆಂಗಸರ ಹೆರಿಗೆ ನೋಡಿದರೋ, 1966ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗದವರಿಗೆ ಈ ಹೆಸರು ಗೊತ್ತಿರಬೇಕು ಅಂತ ನನ್ನ ಆಸೆ. ಕವಿ ನಿಸ್ಸಿಮ್ ಎಝೆಕಿಯೆಲ್ ಇದೇ ಸಮುದಾಯದವರು ಅನ್ನುವುದು ಹೆಚ್ಚಿನವರಿಗೆ ಗೊತ್ತೇ ಇದೆ.

1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲಿ ಇವರನ್ನು ಪೂರ್ತಿ ಯಹೂದಿಗಳು ಅಂತ ಒಪ್ಪಿಸಲು 1964ರವರೆಗೆ ಹೋರಾಡಬೇಕಾಯಿತು, ಅದು ನೋವಿನ ಸಂಗತಿ. ಆದರೂ ಅಲ್ಲಿ ಕೂತು ಮಾಯ್‌ಬೋಲಿ ಅನ್ನುವ ಮರಾಠಿ ಪತ್ರಿಕೆ ತಂದರು. ಇಲ್ಲಿದ್ದಾಗ ಅಲ್ಲಿಯದನ್ನು ಬಿಡಲಿಲ್ಲ, ಅಲ್ಲಿಗೆ ಹೋದ ಮೇಲೆ ಇಲ್ಲಿಯದನ್ನು ಬಿಡಲಿಲ್ಲ.

ಆ ದೇಶದ ಮನೆಮಾತು ಹೀಬ್ರೂ ಆದದ್ದರ ಹಿಂದೆ ಎಲಿಯೆಝರ್ ಬೆನ್ ಯೆಹೂದಾ ಇದ್ದಾರೆ. 1881ರಲ್ಲಿ ಜೆರುಸಲೇಮಿಗೆ ಬಂದಾಗ ಹೀಬ್ರೂ ಪ್ರಾರ್ಥನೆಗೆ, ಓದು ಬರಹಕ್ಕೆ ಇತ್ತು, ಯಾವ ಮಗುವೂ ಅದರಲ್ಲಿ ಹಾಲು ಕೇಳುತ್ತಿರಲಿಲ್ಲ. ಮರುವರ್ಷ ಹುಟ್ಟಿದ ಮಗನ ಜೊತೆ ಮನೆಯಲ್ಲಿ ಬರೀ ಹೀಬ್ರೂ. ತಾಯಿ ಒಮ್ಮೆ ಮೈಮರೆತು ರಷ್ಯನ್ ಲಾಲಿ ಹಾಡಿದ್ದಕ್ಕೆ ಕೂಗಾಡಿದರಂತೆ. ಅಷ್ಟು ಹಟ ನನಗೆ ಒಪ್ಪಿಗೆಯಿಲ್ಲ. ಎಳೆ ಬಾಣಂತಿಯ ಬಾಯಿಂದ ಅವಳ ಹಾಡನ್ನು ಕಿತ್ತುಕೊಳ್ಳಬಾರದು. ಆದರೆ ಆ ಮನೆಗೆ ಬೊಂಬೆಗೆ ಶಬ್ದ ಇರಲಿಲ್ಲ, ಟವೆಲ್ಲಿಗೆ ಇರಲಿಲ್ಲ, ಐಸ್‌ಕ್ರೀಮಿಗೆ ಇರಲಿಲ್ಲ. ಒಂದೊಂದನ್ನೂ ಹಳೆಯ ಬೇರು ಹುಡುಕಿ ಕಟ್ಟಿದರು. ಅವರು ಆರಂಭಿಸಿದ ನಿಘಂಟು ಮುಗಿದದ್ದು ಅವರು ತೀರಿಕೊಂಡು 37 ವರ್ಷದ ಮೇಲೆ, 1959ರಲ್ಲಿ.

ನಮಗೆ ಯಾವ ಶಬ್ದವನ್ನೂ ಕಟ್ಟಬೇಕಾಗಿಲ್ಲ ಅಲ್ವಾ? ಸೌಟು, ಮಣೆ, ಒಗ್ಗರಣೆ, ತೂತು ಪಾತ್ರೆ, ಎಲ್ಲವೂ ಅಡುಗೆಮನೆಯಲ್ಲೇ ಇವೆ. ಒಂದು ರಾತ್ರಿ ಮಗಳಿಗೆ ಸೌಟು ಕೊಡು ಅಂದೆ, ಅವಳು ಚಮಚ ಕೊಟ್ಟಳು. ಹನ್ನೊಂದು ವರ್ಷ. ತಪ್ಪು ಅವಳದ್ದಲ್ಲ, ಆ ಮಾತು ಅವಳ ಕಿವಿಗೆ ನಾವು ಹಾಕಿರಲೇ ಇಲ್ಲ.

ಹೆಂಡತಿಯೂ ನಾನೂ ಮಾತಾಡಿಕೊಂಡು ಶನಿವಾರ ರಾತ್ರಿಯ ಅಡುಗೆ, ಊಟ ಎರಡನ್ನೂ ಕನ್ನಡದಲ್ಲಿ ಅಂತ ಮಾಡಿದ್ದೇವೆ. ಮಗಳು ಜೊತೆಗೇ ನಿಂತು ತೆಂಗಿನಕಾಯಿ ತುರಿಯುತ್ತಾಳೆ. ಗೊತ್ತಿಲ್ಲದ್ದನ್ನು ಬೆರಳು ತೋರಿಸಿ ಕೇಳುತ್ತಾಳೆ, ಬೈಗುಳ ಇಲ್ಲ, ಪರೀಕ್ಷೆ ಇಲ್ಲ. ಐದು ವಾರ ಆಯಿತು. ಹೋದ ಶನಿವಾರ ಆಜಿಗೆ ಒಂದು ಡಬ್ಬಿ ಸಿಹಿ ಅವಲಕ್ಕಿ ಕೊಟ್ಟು ಬಾ ಅಂತ ಕಳಿಸಿದೆವು. ಕೆಳಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಆಜಿಗೆ ಅವಲಕ್ಕಿ ಅನ್ನಲು ಕಲಿಸುತ್ತಿದ್ದಳಂತೆ.