ಕಾಯಿಸುವ ಹಡಗು, ಕಾಯುವ ಮಾವ

ಹಡಗು ನೋಡಲು ಹೋಗುವುದೆಂದರೆ ಬಹುಪಾಲು ಹೊತ್ತು ಹಡಗಿಲ್ಲದ ನೀರನ್ನು ನೋಡುತ್ತ ನಿಲ್ಲುವುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ಪಶ್ಚಿಮದ ತುದಿಗೆ ಡುಲುತ್ ಎಂಬ ಬಂದರು ಊರಿದೆ. ಬೇಸಿಗೆಯಲ್ಲಿ ಯಾವ ದಿನ ಹೋದರೂ, ಸರೋವರದಿಂದ ಹಡಗು ಬಂದರಿನೊಳಕ್ಕೆ ಬರುವ ಕಾಲುವೆಯ ಎರಡೂ ಕಟ್ಟೆಗಳ ಮೇಲೆ ಜನ ಸಾಲಾಗಿ ನಿಂತು ದೂರಕ್ಕೆ ದೃಷ್ಟಿ ನೆಟ್ಟಿರುತ್ತಾರೆ. ಯಾರೋ ನೀರಿಗೆ ಬಿದ್ದಿರಬೇಕು ಅಂದುಕೊಂಡು ಹೊಸಬರು ಗಾಬರಿಯಾಗುತ್ತಾರೆ. ಕೇಳಿದರೆ, "ಬರ್ತಾ ಇದೆ" ಎನ್ನುತ್ತಾರೆ. ಎಲ್ಲಿ? "ಅದೋ." ಅದೋ ಎಂದ ಕಡೆ ಒಂದು ಚುಕ್ಕೆ. ಕಾಫಿ ಕುಡಿದು ಬಂದು ನೋಡಿದರೂ ಅದೇ ಚುಕ್ಕೆ, ಚೂರು ದಪ್ಪ ಆಗಿರುತ್ತದೆ ಅಷ್ಟೆ.

ಸರೋವರ ಅಂದಕೂಡಲೇ ಊರ ಮುಂದಿನ ಕೆರೆಯನ್ನು ನೆನೆಯಬೇಡಿ. ಸುಪೀರಿಯರ್‌ನ ವಿಸ್ತಾರ ಸುಮಾರು 82 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು. ಅದನ್ನು ದಾಟಿ ಬರುವ ಹಡಗಿಗೆ ನಮ್ಮ ಊಟದ ಹೊತ್ತಿನ ಪರಿವೆ ಇರಬೇಕು ಅನ್ನುವುದು ಅನ್ಯಾಯ. ಆದರೂ ಅನ್ನಿಸುತ್ತದೆ.

ನಾವಿರುವುದು ಮಿನಿಯಾಪೊಲಿಸ್ ಪಕ್ಕದಲ್ಲಿ. ಡುಲುತ್ ಅಲ್ಲಿಂದ 240 ಕಿಲೋಮೀಟರ್. ಊರಿನಿಂದ ಹಿರಿಯರು ಬಂದರೆ ತೋರಿಸುವ ಜಾಗಗಳ ಒಂದು ಕ್ರಮ ಇಲ್ಲಿನ ಕನ್ನಡದ ಮನೆಗಳಲ್ಲಿ ತಾನಾಗಿಯೇ ಬಂದುಬಿಟ್ಟಿದೆ: ಮೊದಲು ದೇವಸ್ಥಾನ, ಆಮೇಲೆ ದೊಡ್ಡ ಮಾಲು, ಅದೂ ಬೇಜಾರಾದ ಮೇಲೆ ಡುಲುತ್. ಹಾಗೆ ನನ್ನ ಮಾವನವರನ್ನೂ ಕರೆದುಕೊಂಡು ಹೋದೆವು. ಮಾವ ಕಾರ್ಕಳದವರು. ಕುದುರೆಮುಖದ ಗಣಿಯಲ್ಲಿ, 2005ರ ಕೊನೆಗೆ ಗಣಿಗಾರಿಕೆ ನಿಲ್ಲುವ ತನಕ ದುಡಿದವರು. ದೇವಸ್ಥಾನದಲ್ಲಿ ಪ್ರಸಾದ ಚೆನ್ನಾಗಿತ್ತು ಅಂದರು. ಮಾಲಿನಲ್ಲಿ ಏನೂ ಅನ್ನಲಿಲ್ಲ, ಬೆಂಚು ಹುಡುಕಿ ಕುಳಿತರು. ಡುಲುತ್ತಿನಲ್ಲಿ ಕಾರಿನಿಂದ ಇಳಿದವರೇ ಮಂಕಿ ಕ್ಯಾಪ್ ಕೇಳಿದರು. ಜೂನ್ ತಿಂಗಳು, ಮನೆ ಬಿಡುವಾಗ ಸೆಕೆಗೆ ಬೆವರು ಇಳಿಯುತ್ತಿತ್ತು. ಇಲ್ಲಿ ಸರೋವರದಿಂದ ಮಂಜು ಎದ್ದು ಹಲ್ಲು ಕಟಕಟ.

"ಎಂತ ಮಾರಾಯ್ರೇ, ಫ್ರಿಜ್ಜಿನ ಬಾಗಿಲು ಯಾರು ತೆಗೆದಿಟ್ಟದ್ದು?"

ಆವತ್ತು ಬರಬೇಕಾಗಿದ್ದ ಹಡಗು ಬಂದೇ ಬಂತು. ಸಾವಿರ ಅಡಿಯ ಹಡಗು. ನಮ್ಮಿಂದ ಕಲ್ಲೆಸೆತದ ದೂರದಲ್ಲಿ ಹಾದುಹೋಯಿತು. ನಾವು ನೋಡಲಿಲ್ಲ. ಕಾಲುವೆಯ ಅಗಲ 300 ಅಡಿ, ಹಡಗಿನ ಅಗಲ 105 ಅಡಿ, ಉಳಿದದ್ದೆಲ್ಲ ಮಂಜು. ಇಂಜಿನ್ನಿನ ಗುಡುಗು ಎಡದಿಂದ ಬಲಕ್ಕೆ ಹೋಯಿತು, ನಾವೆಲ್ಲ ಅದರ ಜೊತೆಗೇ ಎಡದಿಂದ ಬಲಕ್ಕೆ ಕತ್ತು ತಿರುಗಿಸಿದೆವು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಂಜಿಗೆ ಕೈ ಬೀಸಿದರು. ಮಂಜಿನೊಳಗಿಂದ ಯಾರೋ "ಹಲೋ" ಅಂದರು.

ಇದಾದ ಮೇಲೆ ಇನ್ನು ಈ ಕಡೆ ಬರುವುದೇ ಬೇಡ ಎಂದು ಮಾವ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಅದಿರಿನ ರೈಲು ಓಡಾಡುವ ಹಳಿಯ ಪಕ್ಕ ಬಗ್ಗಿ ಏನನ್ನೋ ಹೆಕ್ಕುತ್ತಿದ್ದರು. ಅಂಗೈಯಲ್ಲಿಟ್ಟು ತೋರಿಸಿದರು: ಗೋಲಿಗಿಂತ ಸಣ್ಣ, ಕಂದು ಕೆಂಪಿನ, ಒರಟು ಮೈಯ ಉಂಡೆಗಳು.

"ಪೆಲೆಟ್," ಎಂದರು, ಕಳೆದುಹೋದ ಸಂಬಂಧಿಕ ಸಿಕ್ಕಂತೆ. "ಇದು ನಮ್ಮದೇ."

ಅವರದ್ದಲ್ಲ, ಮೆಸಾಬಿ ಬೆಟ್ಟಸಾಲಿನದ್ದು. ಆದರೆ ಮಾವನ ಮಾತಿನಲ್ಲಿ ಹುರುಳಿತ್ತು. ಈ ಸೀಮೆಯ ಉತ್ತಮ ದರ್ಜೆಯ ಅದಿರು ಬಹಳ ಮಟ್ಟಿಗೆ ಖಾಲಿಯಾದಾಗ, ಮಿನ್ನೆಸೋಟದವರು ಟ್ಯಾಕೊನೈಟ್ ಎಂಬ ಬಡ ಕಲ್ಲನ್ನು ಹಿಟ್ಟು ಮಾಡಿ, ಆಯಸ್ಕಾಂತದಿಂದ ಕಬ್ಬಿಣದ ಅಂಶ ಎಳೆದು, ಜೇಡಿ ಸೇರಿಸಿ ಉಂಡೆ ಕಟ್ಟಿ ಸುಡುವುದನ್ನು ಕಲಿತರು. ಕುದುರೆಮುಖದ ಅದಿರೂ ಅಂಥದ್ದೇ ಬಡ ಜಾತಿಯದು. ಅಲ್ಲಿ ಅದನ್ನು ಅರೆದು, ನೀರಲ್ಲಿ ಕಲಸಿ, ಘಟ್ಟದ ಮೇಲಿಂದ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸಿ, ಬಂದರಿನ ಹತ್ತಿರ ಉಂಡೆ ಮಾಡುತ್ತಿದ್ದರು. ಇಲ್ಲಿ ಗಣಿಯ ಹತ್ತಿರವೇ ಉಂಡೆ ಮಾಡಿ ರೈಲಿನಲ್ಲಿ ಬಂದರಿಗೆ ತರುತ್ತಾರೆ. "ಪೈಪು ಹಾಕಿದ್ದರೆ ಉಳೀತಿತ್ತು," ಎಂಬುದು ಮಾವನ ಅಭಿಪ್ರಾಯ. ಅಂದಿನಿಂದ ಮಾಲಿಗೆ ಹೋಗುವಾ ಎಂದರೆ ಅವರಿಗೆ ಮಂಡಿನೋವು, ಡುಲುತ್ ಎಂದರೆ ಬೆಳಗ್ಗೆ ಐದಕ್ಕೆ ಸ್ನಾನ ಮುಗಿದಿರುತ್ತಿತ್ತು.

ಆ ಉಂಡೆಗಳು ಮಾವನ ಜುಬ್ಬದ ಜೇಬಿನಲ್ಲಿ ನಮ್ಮ ಮನೆಗೆ ಬಂದವು. ಜುಬ್ಬ ಒಗೆಯಲು ಹೋಯಿತು, ಅಲ್ಲಿಂದ ಡ್ರೈಯರಿಗೆ ಹೋಯಿತು. ರಾತ್ರಿ ಹನ್ನೊಂದಕ್ಕೆ ನೆಲಮಾಳಿಗೆಯಿಂದ ಯಾರೋ ಕಬ್ಬಿಣದ ಡಬ್ಬ ಕುಟ್ಟುವ ಸದ್ದು. ನಿಲ್ಲಿಸಿದರೂ, ಮತ್ತೆ ಹಾಕಿದರೆ ಮತ್ತೆ ಅದೇ. ಮಾರನೇ ದಿನ ರಿಪೇರಿಯವನು ಬಂದ. ಡ್ರಮ್ಮಿನ ಹಿಂದಿನಿಂದ ಪೆಲೆಟ್ ಎಳೆದು ತೆಗೆದು, ಬೆಳಕಿಗೆ ಹಿಡಿದು, ಮುಖ ಅರಳಿಸಿದ. ಅವನ ತಾತ ಹಿಬ್ಬಿಂಗ್ ಊರಿನ ಗಣಿಯಲ್ಲಿದ್ದವರಂತೆ. ಮಾವ ಮೇಲಿಂದ ಇಳಿದು ಬಂದರು. ಇಬ್ಬರೂ ಡ್ರೈಯರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅರ್ಧ ಗಂಟೆ ಕಬ್ಬಿಣದ ಶೇಕಡಾವಾರು ಮಾತಾಡಿದರು. ಆ ಅರ್ಧ ಗಂಟೆಯನ್ನೂ ಅವನು ಬಿಲ್ಲಿಗೆ ಸೇರಿಸಿದ.

ಮಾವನಿಗೆ ಸಾವಿರ ಅಡಿಯ ಹಡಗುಗಳ ಮೇಲೆ ಅಂಥ ಮಮತೆ ಹುಟ್ಟಲಿಲ್ಲ. ಇವು ಒಟ್ಟು ಕಟ್ಟಿದ್ದೇ 13. ಎಲ್ಲಕ್ಕಿಂತ ಉದ್ದದ್ದು 1981ರ ಪಾಲ್ ಆರ್. ಟ್ರೆಗುರ್ತಾ, 1013 ಅಡಿ ಆರಿಂಚು. ಪಾಪ, ಇವು ಸಮುದ್ರಕ್ಕೆ ಹೋಗುವ ಹಾಗೇ ಇಲ್ಲ. ಸರೋವರಗಳಿಂದ ಕಡಲಿಗೆ ಹೋಗುವ ಸೇಂಟ್ ಲಾರೆನ್ಸ್ ಜಲಮಾರ್ಗದ ಲಾಕುಗಳಲ್ಲಿ, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ಹಡಗನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳಲ್ಲಿ, ಹಿಡಿಸುವುದು 740 ಅಡಿಯ ಹಡಗು ಮಾತ್ರ. ಆದ್ದರಿಂದ ಸರೋವರದಲ್ಲೇ ದುಡಿದು ಸರೋವರದಲ್ಲೇ ಮುದಿಯಾಗಬೇಕು. ಮಾವನ ಕಣ್ಣು ಇದ್ದದ್ದು ಹಳೆಯವುಗಳ ಮೇಲೆ. ಅವುಗಳನ್ನು ಗುರುತಿಸುವುದು ಸುಲಭ: ಕ್ಯಾಪ್ಟನ್ನಿನ ಕೋಣೆ ಮೂತಿಯಲ್ಲಿ, ಇಂಜಿನ್ನೂ ಹೊಗೆಗೊಳವೆಯೂ ಬಾಲದಲ್ಲಿ, ನಡುವೆ ಉದ್ದಾನುದ್ದ ಬರೀ ಮುಚ್ಚಳಗಳ ಸಾಲು. ಹೊಸವಕ್ಕೆ ಎಲ್ಲವೂ ಹಿಂದೆಯೇ. "ಮುಂದೆ ಕೂತು ಓಡಿಸುವುದು ಬಿಟ್ಟು ಹಿಂದೆ ಕೂತರೆ ಎಂತ ಕಾಣ್ತದೆ?" ಎಂದು ಕೇಳುತ್ತಿದ್ದರು. ಉತ್ತರ ನನ್ನ ಬಳಿ ಇರಲಿಲ್ಲ, ನಾನು ಕಾರನ್ನೇ ಹೆಂಡತಿ ಹೇಳಿದ ಹಾಗೆ ಓಡಿಸುವವನು.

ಈ ಹಡಗುಗಳ ಆಯುಸ್ಸು ಮಾವನಿಗೆ ನಂಬಲಾಗದ ಸಂಗತಿ. ಕಡಲಿನ ಸರಕು ಹಡಗು ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುಜರಿ. ಇಲ್ಲಿ ಆರ್ಥರ್ ಎಂ. ಆಂಡರ್ಸನ್ 1952ರದ್ದು, ಅಲ್ಪೀನಾ ಎಂಬ ಸಿಮೆಂಟ್ ಹಡಗು 1942ರದ್ದು, ಅದೂ ಹಬೆಯ ಇಂಜಿನ್ನಿನಲ್ಲಿ ಓಡುವಂಥದ್ದು. ಕಾರಣ ಇಷ್ಟೇ: ಇದು ಸಿಹಿನೀರು, ಉಪ್ಪಿಲ್ಲ, ಕಬ್ಬಿಣ ತಿನ್ನುವುದು ನಿಧಾನ. ಎರಡು ವರ್ಷಕ್ಕೊಮ್ಮೆ ಗೇಟಿಗೆ ಬಣ್ಣ ಬಳಿಸಿಯೂ ಸೋತ ಕರಾವಳಿಯ ಮನುಷ್ಯನಿಗೆ ಇದು ಹೊಟ್ಟೆಕಿಚ್ಚಿನ ವಿಷಯವೇ.

ಮ್ಯೂಸಿಯಮ್ಮಿನಲ್ಲಿ ಮಾವನಿಗೆ ಇನ್ನೊಂದು ಗೊತ್ತಾಯಿತು. ಆಂಡರ್ಸನ್ನನ್ನು 1975ರಲ್ಲಿ ನಡುವೆ ಕೊಯ್ದು 120 ಅಡಿ ಸೇರಿಸಿ 767 ಅಡಿ ಮಾಡಿದರು. ಅಲ್ಪೀನಾವನ್ನು ತೊಂಬತ್ತರ ದಶಕದ ಶುರುವಿನಲ್ಲಿ ಸಿಮೆಂಟಿಗೆಂದು ಬದಲಾಯಿಸುವಾಗ, ಅಣ್ಣನ ಪ್ಯಾಂಟನ್ನು ತಮ್ಮನಿಗೆ ಕತ್ತರಿಸಿ ಹೊಲಿದ ಹಾಗೆ, 120 ಅಡಿ ತೆಗೆದು ಗಿಡ್ಡ ಮಾಡಿದರು. ಮಾವ ಎರಡೂ ಅಂಕಿಗಳನ್ನು ಮತ್ತೆ ಮತ್ತೆ ನೋಡಿದರು.

"ಇದರಿಂದ ಕೊಯ್ದದ್ದನ್ನು ಅದಕ್ಕೆ ಅಂಟಿಸಿದ್ದಾ?"

"ಇಲ್ಲ ಮಾವ, ಅಂಟಿಸಿ ಹದಿನೈದು ವರ್ಷ ಆದಮೇಲೆ ಕೊಯ್ದದ್ದು."

"ಹಾಗಾದರೆ ಲೆಕ್ಕ ಎಲ್ಲಿಯೋ ತಪ್ಪಿದೆ," ಎಂದು ಮುಂದೆ ನಡೆದರು.

ಆಂಡರ್ಸನ್ನಿನ ಮೇಲೆ ಅವರ ಪ್ರೀತಿ ಗಟ್ಟಿಯಾದದ್ದು ಅದೇ ದಿನ. 1975ರ ನವೆಂಬರ್ 10ರ ಬಿರುಗಾಳಿಯಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರಿನ ಹಡಗು 29 ಜನರೊಂದಿಗೆ ಈ ಸರೋವರದಲ್ಲೇ ಮುಳುಗಿತು. ಅದರ ಹಿಂದೆ ಬರುತ್ತ, ರೇಡಿಯೋದಲ್ಲಿ ಮಾತಾಡಿಕೊಂಡು ದಾರಿ ಹೇಳುತ್ತಿದ್ದದ್ದು ಆಂಡರ್ಸನ್. ತಾನು ಸುರಕ್ಷಿತವಾದ ಕೊಲ್ಲಿ ಸೇರಿದ ಮೇಲೆ, ಹುಡುಕಲು ಮತ್ತೆ ಅದೇ ಗಾಳಿಗೆ ತಿರುಗಿ ಹೋಯಿತು. ಯಾರೂ ಸಿಗಲಿಲ್ಲ. ಮಾವ ಇದನ್ನು ಓದಿ ಟೊಪ್ಪಿ ತೆಗೆದರು. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಹಾಕಿಕೊಳ್ಳಲಿಲ್ಲ, ಆ ಚಳಿಯಲ್ಲಿ.

ಸರಿ, ಆಂಡರ್ಸನ್ನನ್ನೇ ನೋಡಬೇಕು ಎಂದಾಯಿತು. ಹಡಗುಗಳು ಎಲ್ಲಿವೆ ಎಂದು ತೋರಿಸುವ ಆ್ಯಪ್ ಮಾವನ ಫೋನಿಗೆ ಹಾಕಿಕೊಟ್ಟೆ. ಒಂದು ಶನಿವಾರ ಆಂಡರ್ಸನ್ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತದೆ ಎಂದಿತು. ಹನ್ನೊಂದಕ್ಕೆ ಹೋದೆವು. ಹನ್ನೆರಡಕ್ಕೆ ಎರಡು ಎಂದಿತು, ಎರಡಕ್ಕೆ ಲಂಗರು ಹಾಕಿದೆ ಎಂದಿತು. ಅದಿರಿನ ಡಾಕಿನಲ್ಲಿ ಇನ್ನೊಂದು ಹಡಗು ತುಂಬಿಸಿಕೊಳ್ಳುತ್ತಿತ್ತಂತೆ. ಮಕ್ಕಳಿಗೆ ಹಸಿವು. ಕಾಲುವೆಯ ಮೇಲಿನ ಸೇತುವೆ ದಾಟಿ ಆಚೆಯ ಪಾರ್ಕ್ ಪಾಯಿಂಟಿನ ಮರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ತಿಂದು ಬರೋಣ ಎಂದು ಹೊರಟೆವು.

ಈ ಸೇತುವೆಯ ಬಗ್ಗೆ ಹೇಳಬೇಕು. 1905ರಲ್ಲಿ ಕಟ್ಟಿದಾಗ ಇದಕ್ಕೆ ರಸ್ತೆಯೇ ಇರಲಿಲ್ಲ. ಮೇಲಿನ ಕಬ್ಬಿಣದ ತೊಲೆಯಿಂದ ಒಂದು ತೊಟ್ಟಿಲು ತೂಗುಬಿಟ್ಟು, ಅದರಲ್ಲಿ ಜನ ಗಾಡಿಗಳನ್ನೆಲ್ಲ ಆಚೆ ಈಚೆ ದಾಟಿಸುತ್ತಿದ್ದರು. 1930ರ ಹೊತ್ತಿಗೆ ರಸ್ತೆ ಕೂಡಿಸಿ, ಹಡಗು ಬಂದರೆ ಇಡೀ ರಸ್ತೆಯೇ ಲಿಫ್ಟಿನಂತೆ ಮೇಲೇಳುವ ಹಾಗೆ ಮಾಡಿದರು. ನೋಡಲು ಚೆಂದ, ಈಚೆ ದಡದಿಂದ. ಪಾರ್ಕ್ ಪಾಯಿಂಟಿಗೆ ಹೋಗಿಬರಲು ಬೇರೆ ದಾರಿ ಇಲ್ಲ.

ಚಿತ್ರಾನ್ನ ಮುಗಿದು ಕೋಡುಬಳೆಯ ಡಬ್ಬ ತೆರೆದಿದ್ದೆವು ಅಷ್ಟೆ. ಕಡಲಕ್ಕಿಯೊಂದು ಮಾವನ ಬೆರಳ ತುದಿಯಿಂದ ಕೋಡುಬಳೆ ಕಿತ್ತುಕೊಂಡು ಹಾರಿತು. ನುಂಗಲಾಗಲಿಲ್ಲ, ಬಳೆ ಕೊಕ್ಕಿಗೆ ಸಿಕ್ಕಿಕೊಂಡು ಮೂಗುತಿಯಾಯಿತು. "ಬ್ಯಾಡಗಿ ಮೆಣಸಿನಕಾಯಿ ಹಾಕಿದ್ದೀನಿ, ಅನುಭವಿಸಲಿ," ಎಂದಳು ನನ್ನ ಹೆಂಡತಿ. ಮಗಳು ಫೋನಿನಲ್ಲಿ ಹುಡುಕಿ, ಹಕ್ಕಿಗಳಿಗೆ ಮೆಣಸಿನ ಖಾರ ಗೊತ್ತೇ ಆಗುವುದಿಲ್ಲ ಎಂದು ಓದಿ ಹೇಳಿದಳು. ಅಷ್ಟರಲ್ಲಿ ಮಾವ ಕೂಗಿದರು: "ಆಂಡರ್ಸನ್ ಹೊರಟಿತು ಮಾರಾಯ್ರೇ!"

ಚಾಪೆ, ಡಬ್ಬ, ಮಕ್ಕಳು, ಯಾವುದು ಕೈಗೆ ಸಿಕ್ಕಿತೋ ಅದನ್ನು ಕಾರಿಗೆ ತುಂಬಿದೆವು. ಸೇತುವೆಯ ಹತ್ತಿರ ಬರುವಾಗಲೇ ಗಂಟೆ ಬಾರಿಸಿತು, ಗೇಟು ಬಿತ್ತು. ನಮ್ಮ ಮುಂದೆ ಒಂದು ದೊಡ್ಡ ವ್ಯಾನು, ಮನೆಯನ್ನೇ ಹೊತ್ತುಕೊಂಡು ತಿರುಗುವಂಥದ್ದು. ಹಿಂದೆ ಆಗಲೇ ಕಾರುಗಳ ಸಾಲು. ಇಳಿದು ಓಡೋಣ ಎಂದರೆ ಸಣ್ಣವನು ಒಂದೇ ಚಪ್ಪಲಿಯಲ್ಲಿದ್ದ. ರಸ್ತೆ ನಿಧಾನವಾಗಿ ಆಕಾಶಕ್ಕೆ ಏರಿತು. ಆಮೇಲೆ ಆಂಡರ್ಸನ್ ಕೂಗಿತು: ಒಂದು ಉದ್ದ, ಎರಡು ಗಿಡ್ಡ. ಎದೆಗೂಡಿನಲ್ಲಿ ಮೊಳಗುವ ಕೂಗು. ಸೇತುವೆ ಅದೇ ತಾಳದಲ್ಲಿ ಉತ್ತರ ಕೊಟ್ಟಿತು. ಮಾವನ ಕೈಯಲ್ಲಿದ್ದ ಫ್ಲಾಸ್ಕಿನ ಕಾಫಿ ನನ್ನ ಕುತ್ತಿಗೆಗೆ ಬಿತ್ತು.

767 ಅಡಿ ಹಡಗು ಹಾದುಹೋಗುವಷ್ಟು ಹೊತ್ತೂ ನಾವು ನೋಡಿದ್ದು ಆ ವ್ಯಾನಿನ ಹಿಂಭಾಗವನ್ನು. ಎರಡು ಸೈಕಲ್ಲು, ಒಂದು ಸ್ಪೇರ್ ಟೈರು. ವ್ಯಾನಿನ ತಲೆಯ ಮೇಲೆ ಕೊನೆಗೊಂದು ಕ್ಷಣ ಹೊಗೆಗೊಳವೆಯ ತುದಿ ಸರಿದು ಹೋಯಿತು.

"ನೋಡಿದೆ," ಎಂದರು ಮಾವ, ತೃಪ್ತಿಯಿಂದ. "ಕಪ್ಪು ಚಿಮಣಿ."

ಅಕ್ಟೋಬರಿನಲ್ಲಿ ಮಾವ ಊರಿಗೆ ಹೋದರು. ಹೋಗುವ ಮೊದಲು ಆಂಡರ್ಸನ್ನನ್ನು ಕಟ್ಟೆಯ ಮೇಲೆ ನಿಂತು ಸರಿಯಾಗಿಯೇ ನೋಡಿದರು, ಡೆಕ್ಕಿನ ಮೇಲಿದ್ದವನೊಬ್ಬ ಕೈಯನ್ನೂ ಬೀಸಿದ. ಆದರೆ ಆ ಸಲ ಏನೂ ಯಡವಟ್ಟಾಗದ ಕಾರಣ ಮನೆಯಲ್ಲಿ ಅದರ ಮಾತು ಯಾರೂ ಎತ್ತುವುದಿಲ್ಲ. ಹಡಗಿನ ಆ್ಯಪ್ ಮಾವನ ಜೊತೆಗೇ ಕಾರ್ಕಳಕ್ಕೆ ಹೋಯಿತು. ಊಟ ಮುಗಿಸಿ ಮಧ್ಯಾಹ್ನ ಒಂದೂವರೆಗೆ ಅವರು ಅದನ್ನು ತೆರೆದು ಕೂರುತ್ತಾರೆ. ಆಗ ನಮಗೆ ರಾತ್ರಿ ಮೂರು.

"ಆಂಡರ್ಸನ್ ನಿಮ್ಮ ಕಡೆಗೇ ಬರ್ತಾ ಉಂಟು. ಬೆಳಿಗ್ಗೆ ಹೋಗ್ಲಿಕ್ಕೆ ಆಗ್ತದಾ?"

ಜನವರಿ 15ಕ್ಕೆ ಸೂ ಲಾಕುಗಳನ್ನು ಮುಚ್ಚುತ್ತಾರೆ. ಸುಪೀರಿಯರ್ ಸರೋವರಕ್ಕೂ ಕೆಳಗಿನ ಸರೋವರಗಳಿಗೂ ನಡುವೆ ಇರುವ 21 ಅಡಿಯ ಏರಿಳಿತವನ್ನು ಹಡಗುಗಳು ದಾಟುವುದು ಅಲ್ಲಿಯೇ. ಅದು ಮುಚ್ಚಿದರೆ ಹಡಗುಗಳಿಗೆ ರಜೆ, ನಮಗೆ ನಿದ್ರೆ. ಮತ್ತೆ ತೆರೆಯುವ ವಾಡಿಕೆಯ ದಿನ ಮಾರ್ಚ್ 25, ಅದೂ ನಡುರಾತ್ರಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ. ಅದು ನಮ್ಮ ಗಡಿಯಾರದಲ್ಲಿ ಹಿಂದಿನ ರಾತ್ರಿ ಹನ್ನೊಂದು, ಕಾರ್ಕಳದಲ್ಲಿ ಬೆಳಗ್ಗೆ ಒಂಬತ್ತೂವರೆ. ಆ ಹೊತ್ತಿಗೆ ಸರಿಯಾಗಿ ಫೋನು ಬಂತು.

"ಇಲ್ಲಿ ಕರೆಂಟ್ ಹೋಗಿದೆ, ವೈಫೈ ಇಲ್ಲ. ನೀವು ಸ್ವಲ್ಪ ನೋಡಿ ಹೇಳಿ ಮಾರಾಯ್ರೇ, ಗೇಟು ತೆಗೆದ್ರಾ?"