ಎಲ್ಲರ ಬಾಯಲ್ಲೂ ಮೂರೂ ಮುಕ್ಕಾಲು

ಭಾನುವಾರದಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಕಕ್ಕದಿದ್ದರೆ ಮನೆಯವರ ಮೇಲೆ ರೇಗುತ್ತೇನೆ. ಅವರು ಪಾಪ, ಏನು ಮಾಡಿದ್ದಾರೆ?

ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹಳೆ ಕೊಲೆ ಕೇಸುಗಳು. ಬೇರೆಯವರು ಮಲಗೋ ಮುಂಚೆ ಹಾಡು ಕೇಳಿದರೆ ನಾನು ನೂರು ವರ್ಷದ ಹಿಂದಿನ ಸಾಕ್ಷಿ ಹೇಳಿಕೆ ಓದುತ್ತೇನೆ. ನನ್ನಂಥವರೇ ಹನ್ನೊಂದು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಪೊಲೀಸರು ಒಬ್ಬರೂ ಇಲ್ಲ, ವಕೀಲರೂ ಇಲ್ಲ. ಎಲ್ಲರೂ ಸುಮ್ನೆ ಆಸಕ್ತಿ ಇರೋರು. ಈ ಸಲದ ವಿಷಯ 1888ರ ಲಂಡನ್, ವೈಟ್‌ಚಾಪೆಲ್. ಹೌದು, ಅದೇ ಜಾಕ್ ದ ರಿಪ್ಪರ್, ಯಾರು ಅಂತ ಇವತ್ತಿಗೂ ಗೊತ್ತಾಗದ ಸರಣಿ ಕೊಲೆಗಾರ. ಎಷ್ಟು ಸಲ ಅಂತ ಕೇಳಬೇಡಿ.

ಹೊಸದಾಗಿ ಸೇರಿದ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದ. ಪರದೆ ಮೇಲೆ ಹಳೆ ಮ್ಯಾಪು, ಅದರ ಮೇಲೊಂದು ಕೆಂಪು ಗೆರೆ, ಗೆರೆಯ ಕೊನೆಯಲ್ಲಿ ಒಂದು ಸ್ಟಾಪ್‌ವಾಚ್ ಚಿತ್ರ. ಸ್ಟಾಪ್‌ವಾಚ್ ಕಂಡಾಗಲೇ ನನ್ನ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಯಿತು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1888ರ ಆಗಸ್ಟ್ 31, ಬೆಳಗಿನ ಜಾವ. ಚಾರ್ಲ್ಸ್ ಲೆಚ್ಮಿಯರ್ ಅಂತ ಒಬ್ಬ ಗಾಡಿ ಹೊಡೆಯುವವನು ಕೆಲಸಕ್ಕೆ ನಡೆದುಕೊಂಡು ಹೋಗುತ್ತಿದ್ದ. ಬಕ್ಸ್ ರೋ ಅನ್ನೋ ಕತ್ತಲ ಬೀದಿಯಲ್ಲಿ ಏನೋ ಬಿದ್ದಿದ್ದು ಕಾಣಿಸಿತು. ಟಾರ್ಪಾಲ್ ಅಂದುಕೊಂಡ. ಹತ್ತಿರ ಹೋದರೆ ಹೆಂಗಸು, ಕೊಲೆಯಾದ ಮೇರಿ ಆನ್ ನಿಕೋಲ್ಸ್. ಅಷ್ಟರಲ್ಲಿ ಹಿಂದಿನಿಂದ ರಾಬರ್ಟ್ ಪಾಲ್ ಅನ್ನೋ ಇನ್ನೊಬ್ಬ ಬಂದ. ಲೆಚ್ಮಿಯರೇ ಅವನನ್ನು ಕರೆದು ತೋರಿಸಿದ. ಇಬ್ಬರೂ ಹೋಗಿ ದಾರಿಯಲ್ಲಿ ಸಿಕ್ಕ ಪೊಲೀಸಿಗೆ ಹೇಳಿ ಕೆಲಸಕ್ಕೆ ಹೋದರು. ಅಷ್ಟೇ. ಆ ಮನುಷ್ಯ ಮಾಡಿದ್ದು ಅಷ್ಟೇ.

ಈಗ ಅವನೇ ಕೊಲೆಗಾರ!

ಹೇಗೆ? ನಿಮಿಷದ ಲೆಕ್ಕ. ಆ ಸಾವಿನ ಬಗ್ಗೆ ನಡೆದ ವಿಚಾರಣೆಯಲ್ಲಿ ಸಾಕ್ಷಿಯಾಗಿ ನಿಂತು, ಮನೆ ಬಿಟ್ಟದ್ದು 'ಸುಮಾರು ಮೂರೂವರೆಗೆ' ಅಂದಿದ್ದ. ಮನೆಯಿಂದ ಬಕ್ಸ್ ರೋಗೆ ಏಳು ನಿಮಿಷದ ನಡಿಗೆ. ಅಂದರೆ 3:37ಕ್ಕೆ ಅಲ್ಲಿರಬೇಕು. ಪಾಲ್ ಬಂದದ್ದು 3:45ಕ್ಕೆ. ನಡುವಿನ ಎಂಟು ನಿಮಿಷ ಅವನು ಏನು ಮಾಡುತ್ತಿದ್ದ? ಹುಡುಗ ಇಲ್ಲಿ ಮಾತು ನಿಲ್ಲಿಸಿ ನಮ್ಮನ್ನೆಲ್ಲ ನೋಡಿದ. ಒಂದಿಬ್ಬರು ಉಸಿರೆಳೆದುಕೊಂಡರು. ನಾನು ಕೈ ಎತ್ತಿ, 'ಸುಮಾರು' ಅನ್ನೋ ಪದ ನಿನ್ನ ಸ್ಲೈಡಲ್ಲಿ ಎಲ್ಲಪ್ಪ ಹೋಯಿತು ಅಂದೆ.

'ನಿಮಿಷ ಸುಳ್ಳು ಹೇಳಲ್ಲ ಸರ್' ಅಂದ.

ಇಪ್ಪತ್ತೆರಡು ವರ್ಷ ಹಾಜರಿ ಪುಸ್ತಕ ನೋಡಿಕೊಂಡವನಿಗೆ ಈ ಮಾತು ಹೇಳಿದ. ನಿಮಿಷ ಸುಳ್ಳು ಹೇಳಲ್ವಂತೆ! ನಾನಿದ್ದ ಆಫೀಸಿನಲ್ಲಿ ಅರವತ್ತು ಜನ, ಒಂದೇ ಬಾಗಿಲು. ಅರವತ್ತೂ ಜನ ಪ್ರತಿದಿನ 10:00ಕ್ಕೆ ಸರಿಯಾಗಿ ಆ ಬಾಗಿಲಲ್ಲಿ ನುಗ್ಗಿದ್ದಾರೆ ಅಂತ ಪುಸ್ತಕ ಹೇಳುತ್ತದೆ. ಮಳೆ ಬಂದ ದಿನ, ಬಸ್ ಮುಷ್ಕರದ ದಿನ, ಎಲ್ಲ ದಿನವೂ 10:00. ನೂರು ವರ್ಷ ಬಿಟ್ಟು ಯಾರಾದರೂ ಆ ಪುಸ್ತಕ ಸಂಶೋಧನೆ ಮಾಡಿದರೆ ಬಾಗಿಲಲ್ಲಿ ಕಾಲ್ತುಳಿತ ಆಗಿ ಎಷ್ಟು ಜನ ಸತ್ತರು ಅಂತ ಹುಡುಕಬೇಕಾಗುತ್ತದೆ.

ಆ ದಿನದ ಹೇಳಿಕೆಗಳನ್ನೇ ನೋಡಿ. ಪಾಲ್ ಬಕ್ಸ್ ರೋನಲ್ಲಿ ಇದ್ದದ್ದು ಮೂರೂ ಮುಕ್ಕಾಲಿಗೆ. ಅವರಿಬ್ಬರೂ ಹೊರಟು, ಎರಡು ಮೂರು ಬೀದಿ ದಾಟಿ, ಮೈಜೆನ್ ಅನ್ನೋ ಪೊಲೀಸಿಗೆ ಸಿಕ್ಕರಲ್ಲ, ಅವನೂ ಹೇಳಿದ್ದು ಮೂರೂ ಮುಕ್ಕಾಲು. ಇತ್ತ ನೀಲ್ ಅನ್ನೋ ಇನ್ನೊಬ್ಬ ಪೊಲೀಸ್, ಇವರು ಹೋದಮೇಲೆ ತನ್ನ ಪಾಡಿಗೆ ಬೀಟಿನಲ್ಲಿ ಬಂದು ಶವ ನೋಡಿದ. ಅವನ ಹೊತ್ತು? ಮೂರೂ ಮುಕ್ಕಾಲು! ಒಂದಾದ ಮೇಲೆ ಒಂದು ನಡೆದ ಮೂರು ಸಂಗತಿ, ಮೂರಕ್ಕೂ ಒಂದೇ ಹೊತ್ತು. ಇದನ್ನು ನೋಡಿದ ಮೇಲೂ 3:37 ಅಂತ ಬರೆಯೋಕೆ ಕೈ ಹೇಗೆ ಬರುತ್ತದೆ?

ಅವರು ಸುಳ್ಳು ಹೇಳಿದರು ಅಂತಲ್ಲ. ಅವರ ಹತ್ತಿರ ಇದ್ದ ಸಮಯವೇ ಅಂಥದ್ದು. ಮೇರಿ ಆನ್ ನಿಕೋಲ್ಸ್‌ಳನ್ನು ಜೀವಂತವಾಗಿ ಕೊನೆಗೆ ಮಾತಾಡಿಸಿದ ಗೆಳತಿ ಎಮಿಲಿ ಹಾಲೆಂಡ್‌ಗೆ ಆಗ ಎರಡೂವರೆ ಅಂತ ಹೇಗೆ ಗೊತ್ತಾಯಿತು? ಮಾತಾಡುವಾಗ ಚರ್ಚಿನ ಗಡಿಯಾರ ಹೊಡೆಯಿತು, ಅದಕ್ಕೆ. ಗಂಟೆ ಕಿವಿಗೆ ಬಿದ್ದರೆ ಹೊತ್ತು ಗೊತ್ತು. ಒಂದು ಗಂಟೆಗೂ ಇನ್ನೊಂದಕ್ಕೂ ನಡುವೆ ಇದ್ದದ್ದು ಬರೀ ಅಂದಾಜು.

ಇನ್ನೊಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ಇವರಿಬ್ಬರು ಬಂದು ಸುದ್ದಿ ಹೇಳಿದಾಗ ಆ ಮೈಜೆನ್ ಏನು ಮಾಡುತ್ತಿದ್ದ ಗೊತ್ತಾ? ಮನೆಮನೆಯ ಬಾಗಿಲು ಬಡಿದು ಜನರನ್ನು ಎಬ್ಬಿಸುತ್ತಿದ್ದ. ಕೆಲಸಕ್ಕೆ ಹೋಗಬೇಕಾದವರನ್ನು ಬೀಟಿನ ಪೊಲೀಸರೇ ಹಾಗೆ ಎಬ್ಬಿಸುವುದಿತ್ತು. ತಾವಾಗಿ ಏಳೋಕೆ ಅಲಾರಂ ಇಲ್ಲದ ಬೀದಿಗಳವು. ಬಾಗಿಲು ಬಡಿಯೋ ಪೊಲೀಸೇ ಆ ಬೀದಿಗೆ ಗಡಿಯಾರ. ನಮ್ಮ ಹುಡುಗ ಅಲ್ಲಿಗೆ ಸ್ಟಾಪ್‌ವಾಚ್ ತಗೊಂಡು ಹೋಗಿದ್ದಾನೆ.

ಆಗಿನವರಿಗೇ ಇದು ಗೊತ್ತಿತ್ತು. ಒಂದು ವಾರ ಬಿಟ್ಟು ಆ್ಯನಿ ಚಾಪ್‌ಮನ್ ಕೊಲೆಯಾಯಿತು. ಪಕ್ಕದ ಮನೆಯವನು ಬೇಲಿಯಾಚೆ ದನಿ ಕೇಳಿಸಿಕೊಂಡ ಹೊತ್ತಿಗೂ, ಇನ್ನೊಬ್ಬ ಹೆಂಗಸು ಆಕೆಯನ್ನು ಬೀದಿಯಲ್ಲಿ ನೋಡಿದೆ ಅಂದ ಹೊತ್ತಿಗೂ ತಾಳೆಯಾಗಲಿಲ್ಲ. ಕೇಳಿದ್ದು ಮೊದಲು, ನೋಡಿದ್ದು ಆಮೇಲೆ ಅನ್ನೋ ಹಾಗಾಯಿತು. ವಿಚಾರಣೆ ನಡೆಸಿದ ವೈನ್ ಬ್ಯಾಕ್ಸ್‌ಟರ್ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬರ ಅಂದಾಜು ಕಾಲು ಗಂಟೆ ಆಚೀಚೆ ಆಗಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳಿ ಮುಂದೆ ಹೋದ. ಆ ಸಾಕ್ಷಿಗಳನ್ನು ಕಣ್ಣೆದುರು ನಿಲ್ಲಿಸಿಕೊಂಡು ಕೇಳಿದವನು ಕಾಲು ಗಂಟೆ ಬಿಟ್ಟುಕೊಟ್ಟ. ನೂರಾ ಮೂವತ್ತು ವರ್ಷ ದಾಟಿದ ಮೇಲೆ ಕೂತು ಓದೋ ನಾವು ಎಂಟು ನಿಮಿಷ ಬಿಡಲ್ಲ.

ಅಲ್ಲಿ ಒಬ್ಬರು ಹಿರಿಯರು, ನಾನು ಗೌರವಿಸೋರೇ, ನನ್ನನ್ನು ತಡೆದರು. 'ಹಾಗಂತ ಹವ್ಯಾಸಿಗಳನ್ನು ಹಗುರವಾಗಿ ನೋಡಬೇಡಿ. ವಿಚಾರಣೆಯಲ್ಲಿ ಅವನು ಕೊಟ್ಟ ಹೆಸರು ಕ್ರಾಸ್. ಅದು ಮಲತಂದೆಯ ಹೆಸರು, ಅಸಲಿ ಹೆಸರು ಲೆಚ್ಮಿಯರ್ ಅಂತ ಹುಡುಕಿದವರು ಯಾರು? ನಮ್ಮಂಥವರೇ ಅಲ್ವಾ?'

ಹೌದು ಸ್ವಾಮಿ, ಒಪ್ಪಿದೆ. ಮ್ಯಾಕ್‌ನಾಟನ್ ಅನ್ನೋ ದೊಡ್ಡ ಪೊಲೀಸ್ ಅಧಿಕಾರಿ 1894ರಲ್ಲಿ ಶಂಕಿತರ ಪಟ್ಟಿ ಬರೆದಾಗ ಡ್ರೂಯಿಟ್ ಅನ್ನೋನನ್ನು ಡಾಕ್ಟರ್ ಅಂತೆ ಅಂದಿದ್ದ. ಆಸಾಮಿ ವಕೀಲ, ಜೊತೆಗೆ ಶಾಲಾ ಮೇಷ್ಟ್ರು. ಅದೂ ಆಮೇಲೆ ಕಾಗದ ಕೆದಕಿದವರಿಂದಲೇ ಬಯಲಾಗಿದ್ದು. ಆದರೆ ಅವರು ಜನಗಣತಿ ಪುಸ್ತಕ, ಜನನ ಮರಣದ ದಾಖಲೆ ಹಿಡಿದು ಕೂತವರು. ಧೂಳು ಕುಡಿದವರು. ಸ್ಟಾಪ್‌ವಾಚ್ ಒತ್ತಿದವರಲ್ಲ. ಮತ್ತೆ ಆ ಹೆಸರಿನ ವಿಷಯ. ಹೆಸರು ಬೇರೆ ಕೊಟ್ಟ ಅಂತ ಅನುಮಾನವಂತೆ. ಮನೆ ವಿಳಾಸ ಸರಿಯಾಗಿ ಕೊಟ್ಟಿದ್ದಾನೆ, ಕೆಲಸ ಮಾಡೋ ಕಂಪನಿ ಹೇಳಿದ್ದಾನೆ, ತಾನಾಗಿ ವಿಚಾರಣೆಯಲ್ಲಿ ನಿಂತಿದ್ದಾನೆ. ಎಂಥಾ ಜಾಣ ಕೊಲೆಗಾರ ನೋಡಿ!

ಇನ್ನೊಬ್ಬರು ವಾಲೆಸ್ ಕೇಸು ಎತ್ತಿದರು. 'ಅಲ್ಲಿ ನಿಮಿಷವೇ ಎಲ್ಲ ಅಲ್ವಾ?' 1931ರ ಜನವರಿ, ಲಿವರ್‌ಪೂಲ್. ವಿಮೆ ಕಂತು ವಸೂಲಿ ಮಾಡುತ್ತಿದ್ದ ವಿಲಿಯಂ ವಾಲೆಸ್‌ಗೆ ಯಾರೋ ಫೋನಿನಲ್ಲಿ ವಿಳಾಸ ಕೊಟ್ಟರು, ಮೆನ್‌ಲವ್ ಗಾರ್ಡನ್ಸ್ ಈಸ್ಟ್. ಅಂಥ ಬೀದಿಯೇ ಇರಲಿಲ್ಲ. ಟ್ರಾಮು ಹತ್ತಿ ಹುಡುಕಿ ವಾಪಸ್ ಬಂದರೆ ಹೆಂಡತಿ ಜೂಲಿಯಾ ಕೊಲೆಯಾಗಿ ಬಿದ್ದಿದ್ದಳು. ಅವನೇ ಕೊಂದು ಟ್ರಾಮಿಗೆ ಓಡಿದ ಅಂತ ಪೊಲೀಸರ ವಾದ. ಹಾಲು ಹಾಕೋ ಹುಡುಗ ಆಕೆಯನ್ನು ಜೀವಂತವಾಗಿ ನೋಡಿದ್ದು ಆರೂವರೆಗೋ ಆರೂ ಮುಕ್ಕಾಲಿಗೋ ಅನ್ನೋದರ ಮೇಲೆ ಗಂಡನ ಕುತ್ತಿಗೆ ನೇತಾಡುತ್ತಿತ್ತು. ಹುಡುಗ ಮೊದಲು ಗೆಳೆಯರ ಹತ್ತಿರ ಆರೂ ಮುಕ್ಕಾಲು ಅಂದಿದ್ದನಂತೆ. ಕೋರ್ಟಿನಲ್ಲಿ ಅದು ಆರೂವರೆ ಹತ್ತಿರಕ್ಕೆ ಬಂತು. ಪೊಲೀಸರು ತಮ್ಮ ಗಟ್ಟಿಮುಟ್ಟಾದ ಜನರನ್ನು ಅದೇ ದಾರಿಯಲ್ಲಿ ಟ್ರಾಮಿಗೆ ಓಡಿಸಿ ಹೊತ್ತು ಅಳೆದರು. ವಾಲೆಸ್‌ಗೆ ಐವತ್ತೆರಡು ವರ್ಷ, ಕಿಡ್ನಿ ಕಾಯಿಲೆ. ಗಲ್ಲು ಶಿಕ್ಷೆ ಆಯಿತು. ಆ ತೀರ್ಪಿಗೆ ಸಾಕ್ಷ್ಯ ಸಾಲದು ಅಂತ ಮೇಲಿನ ಕೋರ್ಟು ಮೇ ತಿಂಗಳಲ್ಲಿ ಬಿಡಿಸಿತು. ನನ್ನ ವಿರುದ್ಧ ಎತ್ತಿದ ಉದಾಹರಣೆ ಇದು! ನಿಮಿಷ ನಂಬಿ ಒಬ್ಬನನ್ನು ನೇಣಿಗೆ ಹಾಕೋಕೆ ಹೊರಟ ಕೇಸನ್ನೇ ನಿಮಿಷದ ಪರ ತಂದರು.

ನಮ್ಮ ದೇಶದ ಕೇಸುಗಳಿಗೆ ಬಂದರೂ ಇದೇ ಕಥೆ. ಹೋದ ತಿಂಗಳು ಬಾವ್ಲಾ ಅನ್ನೋ ವ್ಯಾಪಾರಿಯ ಕೊಲೆಯ ಮಾತು ಬಂದಿತ್ತು. 1925ರ ಜನವರಿ, ಬೊಂಬಾಯಿಯ ಮಲಬಾರ್ ಹಿಲ್, ಇಂದೂರಿನ ಮಹಾರಾಜ ಗದ್ದಿಗೆ ಬಿಡೋ ತನಕ ಹೋದ ಕೇಸು. ಸಂಜೆ ಇಷ್ಟು ಗಂಟೆಗೆ, ಅಷ್ಟು ಗಂಟೆಗೆ ಅಂತ ವಾದವೋ ವಾದ. ಯಾವ ಗಂಟೆ ಅಂತ ಒಬ್ಬರೂ ಕೇಳಲಿಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಅಂತ ಆದಮೇಲೂ ಆ ಊರಲ್ಲಿ ಹಳೆಯ ಬಾಂಬೆ ಟೈಮ್ 1955ರ ತನಕ ನಡೆದಿತ್ತು. ಎರಡಕ್ಕೂ ಸುಮಾರು 39 ನಿಮಿಷ ವ್ಯತ್ಯಾಸ. ಎಂಟು ನಿಮಿಷಕ್ಕೆ ಕೊಲೆಗಾರ ಸಿಗೋದಾದರೆ 39 ನಿಮಿಷಕ್ಕೆ ಒಂದು ಗ್ಯಾಂಗೇ ಸಿಗಬೇಕು.

ಸರಿ, ಇಷ್ಟು ಯಾಕೆ ಉರಿಯುತ್ತಿದೆ ಅಂತ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಇದೇ ಲೆಚ್ಮಿಯರ್ ಕೊಲೆಗಾರ ಅಂತ ಇಲ್ಲೇ ಉದ್ದಕ್ಕೆ ಬರೆದವನು ನಾನು. ಅದೇ ಏಳು ನಿಮಿಷ, ಅದೇ ಲೆಕ್ಕ. ಲೈಕು ಎಣಿಸಿಕೊಂಡು ಎರಡು ದಿನ ಖುಷಿಯಲ್ಲಿದ್ದೆ. ಹಾಜರಿ ಪುಸ್ತಕದ ಬುದ್ಧಿ ಆಗ ಎಲ್ಲಿತ್ತೋ. ಹುಡುಕೋಕೆ ಹೋಗಬೇಡಿ, ದಯವಿಟ್ಟು.

ಅದಾಗಿ ಕೆಲವು ತಿಂಗಳಿಗೆ ನನ್ನ ಕಣ್ಣೆದುರೇ ಸ್ಕೂಟರಿಗೆ ವ್ಯಾನ್ ಗುದ್ದಿತು. ಹುಡುಗಿಯ ಕಾಲು ಮುರಿಯಿತು. ಪೊಲೀಸರು ಕೇಳಿದಾಗ ಎಂಟೂವರೆ ಅಂದೆ. ಗಟ್ಟಿಯಾಗಿ, ಅನುಮಾನವೇ ಇಲ್ಲದೆ ಅಂದೆ. ಅವರು ಬರೆದುಕೊಂಡರು. ಮನೆಗೆ ಬಂದು ಫೋನ್ ನೋಡಿದರೆ, ಗುದ್ದಿದ ತಕ್ಷಣ ನಾನು ಆಂಬುಲೆನ್ಸಿಗೆ ಮಾಡಿದ ಕರೆ 8:52ಕ್ಕೆ. ಇಪ್ಪತ್ತೆರಡು ನಿಮಿಷ! ಕೈಯಲ್ಲಿ ವಾಚು, ಜೇಬಲ್ಲಿ ಫೋನು, ಎದುರಿಗೇ ಘಟನೆ. ಮಾರನೇ ದಿನ ಹೋಗಿ ತಿದ್ದಿಸಿದೆ. ಲೆಚ್ಮಿಯರ್ 1920ರಲ್ಲಿ ತೀರಿಕೊಂಡ. ಅವನು ಎಲ್ಲಿಗೆ ಹೋಗಿ ತಿದ್ದಿಸಬೇಕು?

ಇದನ್ನೆಲ್ಲ ಅಲ್ಲಿ ಹೇಳೋಣ ಅಂದುಕೊಂಡೆ. ಆದರೆ ಹುಡುಗ ಆಗಲೇ ಮುಂದಿನ ಸ್ಲೈಡಿಗೆ ಹೋಗಿದ್ದ. ಮೂರು ಗಂಟೆ ನಡೆದ ಮಾತಿನಲ್ಲಿ ಆ ನಿಕೋಲ್ಸ್ ಹೆಸರು ಒಂದೇ ಸಲ ಬಂತು. ಅದೂ ಶವ ಸಿಕ್ಕ ಸ್ಥಳ ಅಂತ ತೋರಿಸುವಾಗ. ನಲವತ್ಮೂರು ವರ್ಷದ ಹೆಂಗಸು, ಐದು ಮಕ್ಕಳ ತಾಯಿ, ಆ ರಾತ್ರಿ ಮಲಗೋ ಜಾಗಕ್ಕೆ ನಾಲ್ಕು ಪೆನ್ನಿ ಇಲ್ಲದೆ ಹೊರಗೆ ಹೋದವಳು. ಅವಳಿಗೆ ಸ್ಲೈಡ್ ಇರಲಿಲ್ಲ.

ನಿನ್ನೆ ಸಭೆಯ ವರದಿ ಮೆಸೇಜಿನಲ್ಲಿ ಬಂತು. ಆ ಹುಡುಗನೇ ಬರೆದಿದ್ದಾನೆ, ನೀಟಾಗಿ. ಮೊದಲ ಸಾಲು: 'ಸಭೆ ಸಂಜೆ 4:00ಕ್ಕೆ ಸರಿಯಾಗಿ ಆರಂಭವಾಯಿತು.'

ಪ್ರೊಜೆಕ್ಟರಿನ ವೈರು ಸಿಗದೆ ಶುರುವಾಗುವಾಗ ನಾಲ್ಕೂ ಇಪ್ಪತ್ತೈದು. ವೈರು ಹುಡುಕುತ್ತಿದ್ದವನೂ ಅವನೇ.